ಬ್ರೈಲ್ ನೋಟ್‌ಟೇಕರ್ ಕೈಗೆ ಬಂದ ಮೇಲೆ: ಗಡಿನಾಡಿನ ಕನ್ನಡಿಗರಿಗಾಗಿ

ಕಣ್ಣಿಲ್ಲದವರು ಬರೆಯಲು, ಓದಲು ಬಳಸುವ ಬ್ರೈಲ್ ನೋಟ್‌ಟೇಕರ್ ಹೊಸತಾಗಿ ಕೈಗೆ ಬಂದ ಕೂಡಲೇ ಹೆಚ್ಚಿನವರು ಮೆನುವಿನ ಒಳಗೆ ಇಳಿಯುತ್ತಾರೆ. ಕ್ಯಾಲೆಂಡರ್, ಕ್ಯಾಲ್ಕುಲೇಟರ್, ಅಲಾರಂ, ಇಮೇಲ್ ಎಲ್ಲವನ್ನೂ ಒಂದೊಂದಾಗಿ ತಡವುತ್ತಾರೆ. ಎರಡು ದಿನದಲ್ಲಿ ತಲೆ ಚಿಟ್ಟು ಹಿಡಿಯುತ್ತದೆ. ಮೂರನೇ ದಿನ ಕನ್ನಡದಲ್ಲಿ ಏನೋ ಬರೆಯಲು ಹೋದರೆ ಯಂತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಓದಿ ಹೇಳುತ್ತದೆ. ಅಲ್ಲಿಗೆ ಅದು ಬೀರು ಸೇರುತ್ತದೆ. ಅಷ್ಟು ದುಡ್ಡು ಕೊಟ್ಟ, ಅಷ್ಟು ಆಸೆಯಿಂದ ತರಿಸಿದ ಉಪಕರಣ ಹೀಗೆ ಮೂಲೆಗೆ ಬೀಳುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ತಪ್ಪು ಬಳಸುವವರದ್ದಲ್ಲ. ಜೊತೆಗೆ ಬರುವ ಕೈಪಿಡಿ ಇಂಗ್ಲಿಷ್ ಒಂದನ್ನೇ ಬಳಸುವವರಿಗಾಗಿ ಬರೆದದ್ದು. ಕಾಸರಗೋಡಿನಲ್ಲಿ ನಮ್ಮ ಬದುಕು ಹಾಗಿಲ್ಲ. ಮನೆಯೊಳಗೆ ತುಳುವೋ ಹವ್ಯಕವೋ ಕೊಂಕಣಿಯೋ. ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕಚೇರಿಯಿಂದ ಬರುವ ಕಾಗದ ಮಲಯಾಳದಲ್ಲಿ. ಬ್ಯಾಂಕಿನ ಮೆಸೇಜ್ ಇಂಗ್ಲಿಷಿನಲ್ಲಿ. ಆದ್ದರಿಂದ ಇಲ್ಲಿ ಮೆನುವಿನ ಬಗ್ಗೆ ಕಡಿಮೆ, ಭಾಷೆಯ ಗಂಟಿನ ಬಗ್ಗೆ ಜಾಸ್ತಿ ಹೇಳುತ್ತೇನೆ. ಆ ಗಂಟು ಬಿಚ್ಚಿದರೆ ಉಳಿದದ್ದನ್ನು ದಿನಕ್ಕೊಂದು ಕೆಲಸದಂತೆ ಕಲಿತುಕೊಳ್ಳಬಹುದು.

ಯಂತ್ರದ ಪರಿಚಯ

ನೋಟ್‌ಟೇಕರ್ ಎಂದರೆ ಬ್ರೈಲ್‌ನಲ್ಲೇ ಬರೆದು ಬ್ರೈಲ್‌ನಲ್ಲೇ ಓದುವ, ಹೆಗಲ ಚೀಲದಲ್ಲಿ ಹಿಡಿಸುವ ಪುಟ್ಟ ಕಂಪ್ಯೂಟರ್. ಮೇಲ್ಗಡೆ ಬರೆಯುವ ಕೀಗಳು. ನಿಮ್ಮ ಕಡೆಗಿರುವ ಅಂಚಿನಲ್ಲಿ ಒಂದೇ ಸಾಲಿನ ಬ್ರೈಲ್ ಡಿಸ್‌ಪ್ಲೇ. ಆ ಸಾಲಿನಲ್ಲಿ ಸಾಮಾನ್ಯವಾಗಿ 20, 32 ಅಥವಾ 40 ಸೆಲ್ ಇರುತ್ತದೆ. ಒಂದು ಸೆಲ್ ಎಂದರೆ ಒಂದು ಬ್ರೈಲ್ ಅಕ್ಷರದ ಜಾಗ. ಅದರ ಚುಕ್ಕಿಗಳನ್ನು ಸಂಖ್ಯೆಯಿಂದ ಹೇಳುತ್ತೇವೆ: ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3, ಬಲಗಡೆ 4, 5, 6. ಡಿಸ್‌ಪ್ಲೇಯಲ್ಲಿ ಇವುಗಳ ಕೆಳಗೆ 7 ಮತ್ತು 8 ಕೂಡ ಇರುತ್ತವೆ. ಚುಕ್ಕಿಗಳು ಮೇಲೇಳುತ್ತವೆ, ಇಳಿಯುತ್ತವೆ. ಸಾಲು ಓದಿ ಮುಗಿದಾಗ ಪಕ್ಕದ ಬಟನ್ ಒತ್ತಿದರೆ ಮುಂದಿನ ಸಾಲು ಅದೇ ಜಾಗಕ್ಕೆ ಬರುತ್ತದೆ.

1987ರಲ್ಲಿ ಅಮೆರಿಕದ ಡೀನ್ ಬ್ಲೇಜಿ ಅವರ ಕಂಪನಿ ಹೊರತಂದ 'ಬ್ರೈಲ್ ಎನ್ ಸ್ಪೀಕ್'ನಲ್ಲಿ ಬ್ರೈಲ್ ಇದ್ದದ್ದು ಕೀಗಳಲ್ಲಿ ಮಾತ್ರ. ಬರೆದದ್ದನ್ನು ಅದು ಮಾತಿನಲ್ಲಿ ಓದಿ ಹೇಳುತ್ತಿತ್ತು. ಈಗಿನವು ಬಹಳ ಮುಂದೆ ಬಂದಿವೆ. ಹ್ಯೂಮನ್‌ವೇರ್‌ನ ಬ್ರೈಲ್‌ನೋಟ್ ಟಚ್, ಹಿಮ್ಸ್ ಕಂಪನಿಯ ಬ್ರೈಲ್‌ಸೆನ್ಸ್ 6 ಇವೆಲ್ಲ ಆಂಡ್ರಾಯ್ಡ್ ಮೇಲೆ ನಡೆಯುತ್ತವೆ. ಆರ್ಬಿಟ್ ರೀಡರ್ 20 ಸರಳ, ಬೆಲೆಯೂ ಕಡಿಮೆ. ನಮ್ಮ ದೇಶದಲ್ಲೇ ಐಐಟಿ ದೆಹಲಿಯವರು ರೂಪಿಸಿದ ಡಾಟ್‌ಬುಕ್ 2019ರಲ್ಲಿ ಬಂತು. ಅದರಲ್ಲಿ 20 ಸೆಲ್‌ನದ್ದೂ ಇದೆ, 40 ಸೆಲ್‌ನದ್ದೂ ಇದೆ.

ಬೆಲೆ ಇಷ್ಟೇಕೆ ಎಂದು ಎಲ್ಲರೂ ಕೇಳುತ್ತಾರೆ. ಉತ್ತರ ಚುಕ್ಕಿಯ ಹಿಂದೆ ಇದೆ. ಸಾಮಾನ್ಯ ಡಿಸ್‌ಪ್ಲೇಯಲ್ಲಿ ಪ್ರತಿ ಚುಕ್ಕಿಗೂ ಪೀಝೋ ಸೆರಾಮಿಕ್‌ನ ಒಂದು ತೆಳು ಪಟ್ಟಿ ಬೇಕು. ಸುಮಾರು 200 ವೋಲ್ಟ್ ಕೊಟ್ಟಾಗ ಆ ಪಟ್ಟಿ ತುಸು ಬಾಗುತ್ತದೆ. ಬಾಗಿದಾಗ ಅದರ ತುದಿಯಲ್ಲಿರುವ ಕಡ್ಡಿ ಮೇಲೇಳುತ್ತದೆ. ಹೆದರಬೇಡಿ, ಹರಿಯುವ ಕರೆಂಟ್ ತೀರಾ ಅಲ್ಪ, ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ಸೆಲ್‌ಗೆ 8 ಚುಕ್ಕಿಯಂತೆ 20 ಸೆಲ್‌ಗೆ 160 ಪಟ್ಟಿ, 40 ಸೆಲ್‌ಗೆ 320. ಪಟ್ಟಿಗಳು ಉದ್ದವಾಗಿ ಹಿಂದಕ್ಕೆ ಚಾಚಿಕೊಂಡಿರುವುದರಿಂದ ಒಂದರ ಕೆಳಗೆ ಒಂದು ಸಾಲು ಜೋಡಿಸುವುದೂ ಕಷ್ಟ. ಆರ್ಬಿಟ್‌ನವರು ಬೇರೆ ವಿಧಾನ ಹಿಡಿದು ಬೆಲೆ ಇಳಿಸಿದರು. ಅದರ ಚುಕ್ಕಿ ಗಟ್ಟಿಯಾಗಿ ಎದ್ದು ನಿಲ್ಲುತ್ತದೆ, ಓದಲು ಹಿತ. ಸಾಲು ಬದಲಾಗುವಾಗ ಮಾತ್ರ ಸ್ವಲ್ಪ ತಡ, ಸ್ವಲ್ಪ ಸದ್ದು.

"ಫೋನೇ ಓದಿ ಹೇಳುತ್ತದಲ್ಲ, ಮತ್ತೆ ಇದೆಲ್ಲ ಯಾಕೆ?" ಎನ್ನುವವರೂ ಇದ್ದಾರೆ. ಫೋನ್ ಓದಲಿ, ಒಳ್ಳೆಯದೇ. ಆದರೆ 'ಭಾಷೆ' ಎಂಬಲ್ಲಿ ಇರುವುದು ಶ ಅಕ್ಷರವೋ ಷ ಅಕ್ಷರವೋ ಎಂದು ಕೇಳಿ ಹೇಳಲು ಆಗುವುದಿಲ್ಲ. ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಶ ಎಂದರೆ 1-4-6, ಷ ಎಂದರೆ 1-2-3-4-6. ಬರೀ ಕೇಳಿ ಕಲಿತ ಮಕ್ಕಳ ಕಾಗುಣಿತ ಹೇಗಿರುತ್ತದೆ ಎಂದು ಮೇಷ್ಟ್ರುಗಳನ್ನು ಕೇಳಿ ನೋಡಿ. ಅಕ್ಷರ ಮುಟ್ಟಿ ಓದುವುದು ಕಣ್ಣಿಲ್ಲದವರ ಹಕ್ಕು. ಮಾತನಾಡುವ ಯಂತ್ರ ಬಂದಿದೆ ಎಂಬ ಕಾರಣಕ್ಕೆ ಅದನ್ನು ಬಿಟ್ಟುಕೊಡಬೇಕಾಗಿಲ್ಲ.

ಬೆರಳು ಇಡುವುದು

ಎಡಗೈ ತೋರುಬೆರಳು 1, ನಡುಬೆರಳು 2, ಉಂಗುರ ಬೆರಳು 3. ಬಲಗೈಯಲ್ಲಿ ಅದೇ ಕ್ರಮದಲ್ಲಿ 4, 5, 6. ಹೆಬ್ಬೆರಳಿಗೆ ಸ್ಪೇಸ್. ಎಂಟು ಕೀ ಇದ್ದರೆ ಕಿರುಬೆರಳುಗಳಿಗೆ 7 ಮತ್ತು 8. ಹಲವು ಯಂತ್ರಗಳಲ್ಲಿ 7 ಅಳಿಸುತ್ತದೆ, 8 ಎಂಟರ್ ಆಗುತ್ತದೆ. ಕಾಗದದ ಮೇಲೆ ಬ್ರೈಲ್ ಒತ್ತುವ ಟೈಪ್‌ರೈಟರಿನಂಥ ಪರ್ಕಿನ್ಸ್ ಬ್ರೈಲರ್ ಬಳಸಿದವರಿಗೆ ಇದು ಹೊಸತಲ್ಲ.

ಒಂದು ಅಕ್ಷರದ ಕೀಗಳನ್ನೆಲ್ಲ ಒಟ್ಟಿಗೆ ಒತ್ತಬೇಕು, ಒಟ್ಟಿಗೆ ಬಿಡಬೇಕು. ಯಂತ್ರ ಅಕ್ಷರವನ್ನು ದಾಖಲಿಸುವುದು ನೀವು ಬೆರಳು ಎತ್ತಿದಾಗ. ಒಂದು ಬೆರಳು ಮುಂಚೆ ಎದ್ದರೆ ಕೆಲವು ಯಂತ್ರಗಳು ಒಂದು ಅಕ್ಷರವನ್ನು ಎರಡಾಗಿ ಒಡೆಯುತ್ತವೆ. ಜೋರಾಗಿ ಕುಟ್ಟುವುದೂ ಬೇಡ. ಹಗುರವಾಗಿ, ಸಮನಾಗಿ ಒತ್ತಿದರೆ ಸಾಕು.

ಕಾಗದದಲ್ಲಿ ಕೈಯಿಂದ ಚುಕ್ಕಿ ಕುಟ್ಟುವ ಸ್ಲೇಟು ಮತ್ತು ಸ್ಟೈಲಸ್‌ನಿಂದ ಬಂದವರಿಗೆ ಮೊದಲ ವಾರ ಗೊಂದಲ ಆಗುತ್ತದೆ. ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ, ಚುಕ್ಕಿ ತಿರುವುಮುರುವಾಗಿ ಕುಟ್ಟುತ್ತೇವಲ್ಲ. ಇಲ್ಲಿ ಓದುವ ಹಾಗೆಯೇ ಬರೆಯುವುದು. ಚುಕ್ಕಿಯ ಆಕಾರ ನೆನೆಸುವ ಬದಲು ಸಂಖ್ಯೆ ಹೇಳಿಕೊಂಡು ಬರೆಯಿರಿ. "ಕ, ಒಂದು ಮೂರು. ರ, ಒಂದು ಎರಡು ಮೂರು ಐದು." ಹೀಗೆ ಬಾಯಲ್ಲಿ ಹೇಳುತ್ತಾ ಬರೆದರೆ ಕೈ ಬೇಗ ಒಗ್ಗುತ್ತದೆ.

ಡಿಸ್‌ಪ್ಲೇಯ ಪ್ರತಿ ಸೆಲ್‌ನ ಮೇಲೆ ಒಂದೊಂದು ಪುಟ್ಟ ಬಟನ್ ಇರುತ್ತದೆ. ಕರ್ಸರ್ ರೂಟಿಂಗ್ ಕೀ ಎಂದು ಅದರ ಹೆಸರು. ಯಾವ ಅಕ್ಷರದ ಮೇಲಿನ ಬಟನ್ ಒತ್ತುತ್ತೀರೋ ಕರ್ಸರ್ ಅಲ್ಲಿಗೆ ಬರುತ್ತದೆ. ತಿದ್ದಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಆರ್ಬಿಟ್ ರೀಡರ್ 20ರಲ್ಲಿ ಈ ಬಟನ್ ಇಲ್ಲ, ಬಾಣದ ಕೀಯಿಂದ ನಡೆಸಿಕೊಂಡು ಹೋಗಬೇಕು. ಕೊಳ್ಳುವ ಮುಂಚೆ ಇದು ಗೊತ್ತಿರಲಿ.

ಭಾಷೆಯ ಗಂಟು

ಲೂಯಿ ಬ್ರೈಲ್ ಕೊಟ್ಟ ಆರು ಚುಕ್ಕಿಯಿಂದ 63 ಬೇರೆ ಬೇರೆ ಗುರುತು ಮಾಡಬಹುದು. ಜಗತ್ತಿನ ಭಾಷೆಗಳೆಲ್ಲ ಆ 63ರ ಒಳಗೇ ಹೊಂದಿಕೊಳ್ಳಬೇಕು. ಭಾರತದ ಭಾಷೆಗಳಿಗೆ 1951ರಲ್ಲಿ ಒಂದು ಸಾಮಾನ್ಯ ಕ್ರಮ ಒಪ್ಪಿತವಾಯಿತು. ಅದೇ ಭಾರತಿ ಬ್ರೈಲ್. ಅದರ ತತ್ತ್ವ ಬಹಳ ಚೆಂದ. ಸದ್ದು ಒಂದೇ ಆದರೆ ಚುಕ್ಕಿಯೂ ಒಂದೇ, ಭಾಷೆ ಯಾವುದೇ ಇರಲಿ.

ನಮ್ಮ ಊರಿನ ಹೆಸರನ್ನೇ ಬರೆದು ನೋಡೋಣ. ಕಾಸರಗೋಡು. ಕ್ರಮವಾಗಿ ಒತ್ತಿ:

ಕ: 1-3
ಆ ಕಾರದ ದೀರ್ಘ: 3-4-5
ಸ: 2-3-4
ರ: 1-2-3-5
ಗ: 1-2-4-5
ಓ ಕಾರ: 1-3-5
ಡ: 1-2-4-6
ಉ ಕಾರ: 1-3-6

ಮುದ್ರಣದಲ್ಲಿ ಐದು ಅಕ್ಷರ, ಬ್ರೈಲ್‌ನಲ್ಲಿ ಎಂಟು ಸೆಲ್. ಗುಣಿತಾಕ್ಷರದ ಸ್ವರ ವ್ಯಂಜನಕ್ಕೆ ಅಂಟಿಕೊಳ್ಳುವುದಿಲ್ಲ, ಪಕ್ಕದಲ್ಲಿ ತನ್ನದೇ ಸೆಲ್ ಹಿಡಿದು ಕೂರುತ್ತದೆ. ಒತ್ತಕ್ಷರವೂ ಹಾಗೆ. ಅರ್ಧಾಕ್ಷರದ ಗುರುತು 4ನೇ ಚುಕ್ಕಿ, ಅದು ವ್ಯಂಜನದ ಮುಂಚೆ ಬರುತ್ತದೆ. ಹಾಗಾಗಿ 'ಅಕ್ಕ' ಎಂದರೆ 1, ಮತ್ತೆ 4, ಮತ್ತೆ ಎರಡು ಸಲ 1-3. 'ಸೂರ್ಯ' ಬರೆಯುವಾಗ ಅರ್ಕಾವೊತ್ತಿನ ತಲೆಬಿಸಿಯೇ ಇಲ್ಲ. ಬಾಯಲ್ಲಿ ಹೇಳುವ ಕ್ರಮದಲ್ಲೇ ಮೊದಲು ರ, ಆಮೇಲೆ ಯ. ಕ್ಷ ಮತ್ತು ಜ್ಞ ಮಾತ್ರ ಸ್ವಂತ ಗುರುತು ಪಡೆದಿವೆ. ಕ್ಷ ಎಂದರೆ 1-2-3-4-5, ಜ್ಞ ಎಂದರೆ 1-5-6.

ಈಗ ಗಡಿನಾಡಿನವರಾದ ನಮಗೆ ಸಿಕ್ಕ ದೊಡ್ಡ ಲಾಭ ನೋಡಿ. ಮಲಯಾಳದಲ್ಲೂ ಕ ಎಂದರೆ 1-3, ಸ ಎಂದರೆ 2-3-4, ಡ ಎಂದರೆ 1-2-4-6. ಕನ್ನಡ ಶಾಲೆಯಲ್ಲಿ ಓದಿದ ಎಷ್ಟೋ ಹಿರಿಯರು ಕಣ್ಣು ಚೆನ್ನಾಗಿದ್ದೂ ಬಸ್ಸಿನ ಮಲಯಾಳಂ ಬೋರ್ಡ್ ಓದಲಾರದೆ ಪಕ್ಕದವರನ್ನು ಕೇಳುತ್ತಾರೆ. ಕನ್ನಡ ಬ್ರೈಲ್ ಬಲ್ಲವರಿಗೆ ಆ ಲಿಪಿ ಬೇರೆಯಾಗಿ ಕಲಿಯುವ ಕೆಲಸವಿಲ್ಲ. ಮಲಯಾಳದ ಕೆಲವು ವಿಶೇಷ ಅಕ್ಷರಗಳನ್ನು ಮಾತ್ರ ತಿಳಿದುಕೊಂಡರೆ ಸಾಕು. ಆಲಪ್ಪುೞ ಎಂಬಲ್ಲಿ ಬರುವ ೞ ಅಂಥದ್ದು, ಅದಕ್ಕೆ 1-2-3-5-6. ಮಾತು ಹೇಗೂ ಕಿವಿಗೆ ಬಿದ್ದೇ ಇದೆ. 1956ರ ನವೆಂಬರ್‌ನಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಲಿಪಿಯ ವಿಷಯದಲ್ಲಿ ಇಲ್ಲಿನ ಕನ್ನಡಿಗರು ಪಡುತ್ತಾ ಬಂದ ಪಾಡಿನಲ್ಲಿ ಒಂದು ಭಾಗ ಬ್ರೈಲ್ ಓದುವವರಿಗೆ ಇಲ್ಲವೇ ಇಲ್ಲ. ನನಗೆ ಇದು ತುಂಬ ಖುಷಿ ಕೊಡುವ ವಿಷಯ.

ಆದರೆ ಇದೇ ಲಾಭ ಯಂತ್ರದ ಒಳಗೆ ಗಂಟಾಗುತ್ತದೆ. ನೀವು 1-3 ಒತ್ತಿದಿರಿ. ಅದು ಕನ್ನಡದ ಕ ಆಗಿರಬಹುದು, ಮಲಯಾಳದ ಕ ಆಗಿರಬಹುದು, ಇಂಗ್ಲಿಷಿನ ಕೆ ಆಗಿರಬಹುದು. ಯಂತ್ರಕ್ಕೆ ಹೇಗೆ ತಿಳಿಯಬೇಕು? ಅದಕ್ಕಾಗಿಯೇ ಒಳಗೆ 'ಬ್ರೈಲ್ ಟೇಬಲ್' ಎಂಬ ಪಟ್ಟಿಗಳಿವೆ. ಟೇಬಲ್ ಒಬ್ಬ ದುಭಾಷಿ ಇದ್ದ ಹಾಗೆ. ಚುಕ್ಕಿಯನ್ನು ಕೇಳಿ ಅಕ್ಷರ ಹೇಳುತ್ತದೆ, ಅಕ್ಷರವನ್ನು ಕೇಳಿ ಚುಕ್ಕಿ ಎಬ್ಬಿಸುತ್ತದೆ. ಯಾವ ದುಭಾಷಿ ಬೇಕು ಎಂದು ನಾವೇ ಹೇಳಬೇಕು. ಹೇಳದಿದ್ದರೆ ಪೆಟ್ಟಿಗೆಯಿಂದ ಬರುವಾಗ ಇದ್ದ ಇಂಗ್ಲಿಷ್ ಟೇಬಲ್ಲೇ ಮುಂದುವರಿಯುತ್ತದೆ. ಇಂಗ್ಲಿಷಿನ ಸಂಕ್ಷೇಪ ಟೇಬಲ್ ಇದ್ದಾಗ ಕ ಒಂದನ್ನೇ ಬರೆದು ಸ್ಪೇಸ್ ಕೊಟ್ಟು ನೋಡಿ, 'ನಾಲೆಜ್' ಎನ್ನುತ್ತದೆ. ಪ ಬರೆದರೆ 'ಪೀಪಲ್' ಎನ್ನುತ್ತದೆ. ಯಂತ್ರ ಕೆಟ್ಟಿಲ್ಲ. ಇಂಗ್ಲಿಷ್ ಬ್ರೈಲ್‌ನಲ್ಲಿ ಒಂಟಿ ಅಕ್ಷರಗಳು ಇಡೀ ಪದಕ್ಕೆ ನಿಲ್ಲುತ್ತವೆ, ಅಷ್ಟೇ.

ಆದ್ದರಿಂದ ಮೊದಲ ದಿನ ಮಾಡಬೇಕಾದ ಕೆಲಸ ಇದು. ಸೆಟ್ಟಿಂಗ್ಸ್‌ನಲ್ಲಿ ಬ್ರೈಲ್ ಟೇಬಲ್ ಅಥವಾ ಬ್ರೈಲ್ ಭಾಷೆ ಎಂಬಲ್ಲಿಗೆ ಹೋಗಿ. ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರೂ ಇವೆಯೇ ನೋಡಿ. ಒಂದರಿಂದ ಇನ್ನೊಂದಕ್ಕೆ ಹಾರುವ ಕೀ ಯಾವುದು ಎಂದು ಹುಡುಕಿ ನೆನಪಿಟ್ಟುಕೊಳ್ಳಿ. ಮೆನುವಿನ ಭಾಷೆ ಬೇರೆ, ಬರೆಯುವ ಟೇಬಲ್ ಬೇರೆ, ಓದಿ ಹೇಳುವ ಧ್ವನಿಯ ಭಾಷೆ ಮತ್ತೂ ಬೇರೆ. ಮೂರನ್ನೂ ಬೇರೆ ಬೇರೆಯಾಗಿ ಹೊಂದಿಸಬೇಕಾಗಬಹುದು. ಮೆನು ಇಂಗ್ಲಿಷಿನಲ್ಲೇ ಇರಲಿ, ಅಡ್ಡಿಯಿಲ್ಲ.

ತುಳು, ಹವ್ಯಕ, ಬ್ಯಾರಿ ಬರೆಯುವವರು ಕನ್ನಡ ಟೇಬಲ್ಲನ್ನೇ ಬಳಸಿ. ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿಗೂ ಅದೇ ಸಾಕು.

ಹೊಂದಿಸಿದ್ದು ಸರಿಯಾಗಿದೆಯೇ ಎಂದು ನೋಡಲು ಐದು ಪದ ಬರೆಯಿರಿ: ಕಾಸರಗೋಡು, ಅಕ್ಕ, ಸೂರ್ಯ, ಶಿಕ್ಷಣ, ವಿಜ್ಞಾನ. ಟೆಕ್ಸ್ಟ್ ಫೈಲ್ ಆಗಿ ಉಳಿಸಿ, ಫೋನಿಗೆ ಕಳಿಸಿ, ಮನೆಯವರಿಗೆ ತೋರಿಸಿ. ಐದೂ ಸರಿಯಾಗಿ ಬಂದಿದ್ದರೆ ನಿಶ್ಚಿಂತೆ. ಟೇಬಲ್ ಮಲಯಾಳದಲ್ಲಿದ್ದರೆ ಏನಾಗುತ್ತದೆ ಗೊತ್ತಾ? ನಿಮ್ಮ ಬೆರಳಿಗೆ ಎಲ್ಲ ಸರಿಯಾಗಿಯೇ ತೋರುತ್ತದೆ. ಓದುತ್ತೀರಿ, ಕನ್ನಡವೇ. ಆದರೆ ಫೈಲಿನಲ್ಲಿ ಉಳಿದಿರುವುದು ಮಲಯಾಳಂ ಲಿಪಿ. ಮಂಗಳೂರಿನಲ್ಲಿರುವ ಅಣ್ಣನಿಗೆ ಕಳಿಸಿದರೆ ಅವರಿಗೆ ಒಂದಕ್ಷರವೂ ಓದಲಾಗುವುದಿಲ್ಲ. ಬೆರಳು ಹಿಡಿಯಲಾರದ ದೋಷ ಇದೊಂದೇ. ಹಾಗಾಗಿ ಹೊರಗೆ ಕಳಿಸುವ ಮುಂಚೆ ಟೇಬಲ್ ಯಾವುದಿದೆ ಎಂದು ಒಮ್ಮೆ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಇನ್ನು ಅಂಕಿ. ಬ್ರೈಲ್‌ನಲ್ಲಿ ಅಂಕಿಗೆ ಬೇರೆ ಗುರುತಿಲ್ಲ. ಇಂಗ್ಲಿಷಿನ ಎ ಇಂದ ಜೆ ವರೆಗಿನ ಅಕ್ಷರಗಳ ಮುಂಚೆ 3-4-5-6 ಇಟ್ಟರೆ 1ರಿಂದ 9 ಮತ್ತು 0 ಆಗುತ್ತದೆ. ತೊಂದರೆ ಏನೆಂದರೆ ಕನ್ನಡದಲ್ಲಿ 3-4-5-6 ಎಂದರೆ ಣ. 'ಮಣಿ' ಎಂಬ ಪದದ ಕೊನೆಯ ಎರಡು ಸೆಲ್ ಮತ್ತು 9 ಎಂಬ ಅಂಕಿ, ಎರಡೂ ಒಂದೇ ಚುಕ್ಕಿ. ಕನ್ನಡದ ಪದ ಣ ದಿಂದ ಶುರುವಾಗುವುದಿಲ್ಲವಲ್ಲ, ಅದೇ ನಮ್ಮನ್ನು ಕಾಪಾಡುವುದು. ಪದದ ಆರಂಭದಲ್ಲಿ ಬಂದರೆ ಅಂಕಿ, ನಡುವೆ ಬಂದರೆ ಣ. ಆದ್ದರಿಂದ ಅಂಕಿಯ ಮುಂಚೆ ಸ್ಪೇಸ್ ಬಿಡಲೇಬೇಕು. 'ರೂ' ಬರೆದು ಜಾಗ ಬಿಡದೆ 50 ಬರೆದರೆ ಅದನ್ನು 'ರೂಣೇಜ' ಎಂದೂ ಓದಬಹುದು. ಲೆಕ್ಕ ಬರೆಯುವವರಿಗೆ ಇದು ಸಣ್ಣ ವಿಷಯವಲ್ಲ.

ಮೊದಲ ಕೆಲಸ ಫೋನ್ ನಂಬರು

ಕಲಿಯಲು ಒಂದೇ ಒಂದು ಫೈಲ್ ತೆರೆಯಿರಿ. ಹೆಸರು 'ನಂಬರು'. ಯಂತ್ರದಲ್ಲಿ ಕಾಂಟ್ಯಾಕ್ಟ್ಸ್ ಎಂಬ ಬೇರೆ ಆ್ಯಪ್ ಇದ್ದರೂ ಸದ್ಯಕ್ಕೆ ಬೇಡ. ಈ ಒಂದು ಫೈಲಿನಲ್ಲೇ ಬರೆಯುವುದು, ಉಳಿಸುವುದು, ಹುಡುಕುವುದು, ತಿದ್ದುವುದು ನಾಲ್ಕೂ ಕೈಗೆ ಬರುತ್ತದೆ. ಈ ನಾಲ್ಕು ಬಂದರೆ ನೋಟ್‌ಟೇಕರ್‌ನ ಮುಕ್ಕಾಲು ಪಾಲು ಬಂದ ಹಾಗೆಯೇ.

ಸಾಲಿಗೆ ಒಬ್ಬರು. ಮೊದಲು ಹೆಸರು, ಸ್ಪೇಸ್, ಆಮೇಲೆ ನಂಬರು. 'ವಿಜಯಕ್ಕ' ಎಂದು ಬರೆದರೆ 7 ಸೆಲ್. ಒಂದು ಸ್ಪೇಸ್. ಅಂಕಿಯ ಗುರುತು ಮತ್ತು ಹತ್ತು ಅಂಕಿ ಸೇರಿ 11. ಒಟ್ಟು 19, ಅಂದರೆ 20 ಸೆಲ್‌ನ ಸಾಲಿನಲ್ಲಿ ಹಿಡಿಸುತ್ತದೆ. ಬೆರಳು ಒಮ್ಮೆ ಎಡದಿಂದ ಬಲಕ್ಕೆ ಹೋದರೆ ಹೆಸರೂ ನಂಬರೂ ಸಿಕ್ಕಿತು. ಫೋನ್ ಓದಿ ಹೇಳುವಾಗ ಆರನೇ ಅಂಕಿ ಮರೆತುಹೋಗಿ ಪುನಃ ಮೊದಲಿನಿಂದ ಕೇಳಿಸಿಕೊಳ್ಳುವ ಕಷ್ಟ ಇಲ್ಲ. ಎಡಗೈ ಡಿಸ್‌ಪ್ಲೇ ಮೇಲೆ, ಬಲಗೈ ಫೋನಿನ ಮೇಲೆ. ಒಂದೊಂದು ಅಂಕಿ ಮುಟ್ಟುತ್ತಾ ಡಯಲ್ ಮಾಡಿ.

ವಿಜಯಕ್ಕ ನಂಬರು ಬದಲಿಸಿದರು ಅಂತಿಟ್ಟುಕೊಳ್ಳಿ. 'ಹುಡುಕು' ಕಮಾಂಡ್ ಕೊಟ್ಟು 'ವಿಜ' ಎಂದು ಬರೆದು ಎಂಟರ್ ಒತ್ತಿದರೆ ಆ ಸಾಲು ಬರುತ್ತದೆ. ತಪ್ಪಾದ ಅಂಕಿಯ ಬಲ ಪಕ್ಕದ ಸೆಲ್‌ನ ರೂಟಿಂಗ್ ಕೀ ಒತ್ತಿ, ಅಳಿಸಿ, ಹೊಸ ಅಂಕಿ ಬರೆಯಿರಿ. ಕರ್ಸರ್ ಇರುವ ಜಾಗದಲ್ಲಿ 7 ಮತ್ತು 8ನೇ ಚುಕ್ಕಿ ಎದ್ದಿರುತ್ತವೆ, ಕೆಳಗೆ ಬೆರಳಾಡಿಸಿದರೆ ಗೊತ್ತಾಗುತ್ತದೆ. ತಿದ್ದಿದ ಸಾಲನ್ನು ಪೂರ್ತಿ ಓದಿ, ಆಮೇಲೆ ಉಳಿಸಿ.

ಇದು ಸಲೀಸಾದ ಮೇಲೆ ಎರಡನೇ ಫೈಲ್ ತೆರೆಯಿರಿ. ನಮ್ಮ ಕಡೆ ಅಡಿಕೆ ಲೆಕ್ಕಕ್ಕಿಂತ ಒಳ್ಳೆಯ ಅಭ್ಯಾಸ ಬೇಕೇ? ದಿನಾಂಕ, ಚಾಲಿ ಎಷ್ಟು ಕೆಜಿ, ಪಟೋರ ಎಷ್ಟು, ಕರಿಗೋಟು ಎಷ್ಟು, ದರ, ಬಂದ ಹಣ. ಕೆಲಸದವರ ಸಂಬಳಕ್ಕೆ ಇನ್ನೊಂದು ಫೈಲ್. ಫೈಲಿನ ಹೆಸರಿನಲ್ಲಿ ವರ್ಷ ಮೊದಲು, ತಿಂಗಳು ಆಮೇಲೆ ಇಡಿ. ಆಗ ಪಟ್ಟಿಯಲ್ಲಿ ತಾನಾಗಿ ಕ್ರಮದಲ್ಲಿ ನಿಲ್ಲುತ್ತವೆ. ಕಣ್ಣು ಕಾಣದ ತೋಟದ ಯಜಮಾನರು ಮಾರಾಟದ ಲೆಕ್ಕಕ್ಕೆ ಬೇರೆಯವರ ಮಾತನ್ನೇ ನಂಬಿ ಕೂರಬೇಕಾಗಿಲ್ಲ. ವ್ಯಾಪಾರಿ ಹೇಳಿದ ತೂಕವನ್ನು ಅಲ್ಲೇ ನಿಂತು ಬರೆದುಕೊಳ್ಳಬಹುದು, ಸದ್ದಿಲ್ಲದೆ. ಮನೆಗೆ ಬಂದ ಮೇಲೆ ಕ್ಯಾಲ್ಕುಲೇಟರ್ ತೆರೆದು ಗುಣಿಸಿದರೆ ಆಯ್ತು.

ಸಾಲು ಚಿಕ್ಕದು ಎಂಬುದು ಮಾತ್ರ ನೆನಪಿರಲಿ. 'ಕಾಸರಗೋಡಿನಿಂದ ಮಂಗಳೂರು' ಎಂದು ಬರೆದರೆ ಸರಿಯಾಗಿ 20 ಸೆಲ್ ತುಂಬಿಹೋಗುತ್ತದೆ. 'ಮಂಗಳೂರಿಗೆ' ಎಂದರೆ ಎರಡು ಸೆಲ್ ಜಾಸ್ತಿ, ಇಡೀ ಪದ ಮುಂದಿನ ಸಾಲಿಗೆ ಜಾರುತ್ತದೆ. ಇಂಗ್ಲಿಷಿಗೆ ಸಂಕ್ಷೇಪಗಳಿವೆ, ನಾವು ಕನ್ನಡದಲ್ಲಿ ಅಕ್ಷರ ಬಿಡಿಸಿಯೇ ಬರೆಯುತ್ತೇವೆ. ಆದ್ದರಿಂದ ಟಿಪ್ಪಣಿಯಲ್ಲಿ ನಿಮ್ಮದೇ ಗಿಡ್ಡ ರೂಪ ಮಾಡಿಕೊಳ್ಳಿ. 'ಕಾ ಮಂ 8.10' ಎಂದರೆ ನಿಮಗೆ ಅರ್ಥವಾಗುತ್ತದಲ್ಲ, ಸಾಕು.

ಓದಲು ಬರುವುದು, ಬಾರದಿರುವುದು

ಫೈಲುಗಳಲ್ಲಿ ಎರಡು ಜಾತಿ ಇದೆ. ಒಂದು ಟೆಕ್ಸ್ಟ್, ಅದರಲ್ಲಿ ಅಕ್ಷರಗಳಿರುತ್ತವೆ. ಇನ್ನೊಂದು ಬಿಆರ್‌ಎಫ್, ಅದರಲ್ಲಿ ಇರುವುದು ಬರೀ ಚುಕ್ಕಿಯ ವಿನ್ಯಾಸ. ಬಿಆರ್‌ಎಫ್‌ಗೆ ಭಾಷೆಯ ಗೊಡವೆ ಇಲ್ಲ. ನಿಮ್ಮ ಡಿಸ್‌ಪ್ಲೇಯಲ್ಲಿ ಅದು ಯಾವ ಟೇಬಲ್ಲೂ ಇಲ್ಲದೆ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಆದರೆ ಅದನ್ನೇ ಕಂಪ್ಯೂಟರಿನಲ್ಲಿ ತೆರೆದರೆ 'ಕಾಸರಗೋಡು' ಹೇಗೆ ಕಾಣುತ್ತದೆ ಗೊತ್ತಾ? ಇಂಗ್ಲಿಷಿನ ಕೆ, ಒಂದು 'ಹೆಚ್ಚು' ಚಿಹ್ನೆ (>), ಎಸ್, ಆರ್, ಜಿ, ಓ, ಡಾಲರ್ ಗುರುತು, ಯು. ನೋಡಿದವರು ಫೈಲ್ ಹಾಳಾಗಿದೆ ಎಂದು ಅಳಿಸಿಯೇ ಬಿಡುತ್ತಾರೆ. ನಿಮಗಾಗಿ ಇಟ್ಟುಕೊಳ್ಳುವ ಪುಸ್ತಕ ಬಿಆರ್‌ಎಫ್ ಆಗಿರಲಿ. ಕಣ್ಣು ಕಾಣುವವರಿಗೆ ಕಳಿಸುವುದು ಟೆಕ್ಸ್ಟ್ ಆಗಿರಲಿ.

ಬೇರೆಯವರು ಕಳಿಸಿದ ಕನ್ನಡ ಫೈಲ್ ಗಲಿಬಿಲಿಯಾಗಿ ಬಂದರೆ ಮೊದಲು ಫಾಂಟ್ ಕೇಳಿ. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ. ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಬ್ರೈಲ್‌ಗೆ ಬರುವುದು ಆ ಚಿಹ್ನೆಗಳೇ. "ಯೂನಿಕೋಡ್‌ಗೆ ಬದಲಿಸಿ ಕಳಿಸಿ" ಎಂದು ಕೇಳಿ. ಬದಲಿಸಿಕೊಡುವ ಉಚಿತ ತಂತ್ರಾಂಶಗಳಿವೆ, ಒಂದೆರಡು ನಿಮಿಷದ ಕೆಲಸ. ಊರಿನ ಜಾತ್ರೆಯ, ಗೃಹಪ್ರವೇಶದ ಆಮಂತ್ರಣ ವಾಟ್ಸ್ಯಾಪ್‌ನಲ್ಲಿ ಚಿತ್ರವಾಗಿ ಬರುತ್ತದೆ. ಚಿತ್ರದಿಂದ ಅಕ್ಷರ ತೆಗೆಯುವ ಆ್ಯಪ್ ಬಳಸಬಹುದು. ಆದರೆ ದಿನಾಂಕವೋ ಮುಹೂರ್ತವೋ ತಪ್ಪಾಗಿ ಬಂದರೆ? ಕಳಿಸಿದವರಿಗೇ ಎರಡು ಸಾಲು ಟೈಪ್ ಮಾಡಿ ಎಂದು ಹೇಳುವುದು ಒಳ್ಳೆಯದು. ಕೇಳಲು ಸಂಕೋಚ ಬೇಡ.

ಪುಸ್ತಕಕ್ಕೆ ಸುಗಮ್ಯ ಪುಸ್ತಕಾಲಯ ಇದೆ. ಮುದ್ರಿತ ಅಕ್ಷರ ಓದಲಾಗದವರಿಗಾಗಿ 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ ಅದು. ಇಂಥ ಪುಸ್ತಕ ಮಾಡಿ ಹಂಚಲು ಪ್ರಕಾಶಕರ ಮುಂದೆ ಕೈಚಾಚಬೇಕಾಗಿಲ್ಲ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಂದ ತಿದ್ದುಪಡಿ ಅದಕ್ಕೆ ಅವಕಾಶ ಕೊಟ್ಟಿದೆ. ಮರ್‍ರಾಕೇಶ್ ಎಂಬ, ಇಂಥ ಪುಸ್ತಕಗಳ ಕುರಿತ ಅಂತರರಾಷ್ಟ್ರೀಯ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶವೂ ನಮ್ಮದೇ.

ಫೋನಿನ ಜೊತೆ, ಜನರ ಜೊತೆ

ನೋಟ್‌ಟೇಕರ್ ಅನ್ನು ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಿದರೆ ಫೋನಿನಲ್ಲಿರುವುದೆಲ್ಲ ಬೆರಳಿಗೆ ಬರುತ್ತದೆ. ಆಂಡ್ರಾಯ್ಡ್ 13ರಿಂದ, ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್‌ನ ಒಳಗೇ ಬ್ರೈಲ್ ಡಿಸ್‌ಪ್ಲೇ ಸೌಲಭ್ಯ ಇದೆ. ಟಾಕ್‌ಬ್ಯಾಕ್ ಸೆಟ್ಟಿಂಗ್ಸ್ ಒಳಗೆ ಹೋಗಿ ಜೋಡಿಸಬೇಕು. ಐಫೋನ್‌ನಲ್ಲಿ ಅದೇ ಕೆಲಸ ಮಾಡುವ ವಾಯ್ಸ್‌ಓವರ್‌ನ ಒಳಗಿನ ಬ್ರೈಲ್ ವಿಭಾಗದಲ್ಲಿ. ಕಂಪ್ಯೂಟರಿನಲ್ಲಿ ಅಂಥದ್ದೇ, ಉಚಿತವಾಗಿ ಸಿಗುವ ಎನ್‌ವಿಡಿಎ ಇದೆ. ನೋಟ್‌ಟೇಕರ್ ಅನ್ನು ಮುಂಚೆ, ಬರೀ ಡಿಸ್‌ಪ್ಲೇಯಂತೆ ಕೆಲಸ ಮಾಡುವ ಟರ್ಮಿನಲ್ ಅಥವಾ ರಿಮೋಟ್ ಮೋಡ್‌ಗೆ ಹಾಕಿಕೊಳ್ಳಿ.

ಇಲ್ಲಿ ಮತ್ತೆ ಟೇಬಲ್ ಪ್ರಶ್ನೆ ಬರುತ್ತದೆ, ಈ ಸಲ ಬೇರೆ ಕಡೆ. ಫೋನಿಗೆ ಜೋಡಿಸಿರುವಾಗ ಅಕ್ಷರವನ್ನು ಚುಕ್ಕಿ ಮಾಡುವುದು ಫೋನ್. ನೋಟ್‌ಟೇಕರ್ ಚುಕ್ಕಿ ಎಬ್ಬಿಸುತ್ತದೆ ಅಷ್ಟೇ. ಅಂದರೆ ನೋಟ್‌ಟೇಕರ್‌ನಲ್ಲಿ ಕನ್ನಡ ಹಾಕಿದ್ದು ಇಲ್ಲಿ ಲೆಕ್ಕಕ್ಕಿಲ್ಲ. ಫೋನಿನ ಬ್ರೈಲ್ ಸೆಟ್ಟಿಂಗ್‌ನಲ್ಲಿ ಭಾಷೆ ಬದಲಿಸಬೇಕು. "ಯಂತ್ರದಲ್ಲಿ ಕನ್ನಡ ಸರಿ ಬರುತ್ತದೆ, ವಾಟ್ಸ್ಯಾಪ್‌ನಲ್ಲಿ ಬರುವುದಿಲ್ಲ" ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ.

ಜೋಡಿಸಿದ ಮೇಲೆ ಫೋನಿನ ಮಾತು ನಿಲ್ಲಿಸಬಹುದು. ಇದರ ಬೆಲೆ ಗೊತ್ತಾಗುವುದು ಒಟಿಪಿ ಬಂದಾಗ. ತುಂಬಿದ ಬಸ್ಸಿನಲ್ಲಿ ಫೋನ್ ಆರು ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳುವುದು ಯಾರಿಗೆ ಬೇಕು? ಬೆರಳಿಗೆ ಬಂದರೆ ನಿಮಗೆ ಮಾತ್ರ ಗೊತ್ತು. ಡಾಕ್ಟರ ರಿಪೋರ್ಟ್, ಮನೆಯವರ ಮೆಸೇಜ್, ಬ್ಯಾಂಕಿನ ಬಾಕಿ ಎಲ್ಲಕ್ಕೂ ಹೀಗೆಯೇ. ನೋಟ್‌ಟೇಕರ್‌ಗೂ ಪಾಸ್‌ವರ್ಡ್ ಹಾಕಿ, ಎಟಿಎಂ ಪಿನ್ ಮಾತ್ರ ಅದರಲ್ಲೂ ಬರೆದಿಡಬೇಡಿ.

ಮಾತಿನ ಯಂತ್ರ ಬಳಸಲಾಗದ ಇನ್ನೊಂದು ಜಾಗ ಭಜನಾ ಮಂದಿರ. ಹಾಡುತ್ತಾ ಇರುವಾಗ ಕಿವಿಯಲ್ಲಿ ಇನ್ನೊಂದು ದನಿ ಓದುತ್ತಿದ್ದರೆ ಶ್ರುತಿ ಎಲ್ಲಿ ನಿಲ್ಲುತ್ತದೆ? ಸಾಹಿತ್ಯವನ್ನು ನೋಟ್‌ಟೇಕರ್‌ನಲ್ಲಿ ಹಾಕಿಕೊಳ್ಳಿ. ಸಾಲಿಗೆ ಒಂದು ಪಾದವೋ ಅರ್ಧ ಪಾದವೋ ಬರುವ ಹಾಗೆ ನೀವೇ ಒಡೆದು ಬರೆಯಿರಿ. ಆಗ ಪಾದ ಮುಗಿಯುವಾಗಲೇ ಮುಂದಿನ ಸಾಲಿನ ಬಟನ್ ಒತ್ತಬಹುದು. ಮಡಿಲಲ್ಲಿಟ್ಟು ಎಡಗೈಯಲ್ಲಿ ಓದಬಹುದು. ತಾಳ ಹಾಕಲು ಬಲಗೈ ಖಾಲಿ ಇರುತ್ತದೆ. ಸಭೆಯಲ್ಲಿ ಮಾತನಾಡುವವರಿಗೂ, ಪಾಠ ಮಾಡುವ ಅಧ್ಯಾಪಕರಿಗೂ ಇದೇ ಕ್ರಮ.

ಕೊಳ್ಳುವಾಗ, ಇಟ್ಟುಕೊಳ್ಳುವಾಗ

ದೊಡ್ಡ ನೋಟ್‌ಟೇಕರ್‌ಗಳ ಬೆಲೆ ಲಕ್ಷಗಳಲ್ಲಿದೆ. ಆದ್ದರಿಂದ ಮುಟ್ಟಿ ನೋಡದೆ ಹಣ ಕೊಡಬೇಡಿ. ಮಾರುವವರ ಎದುರೇ ಆ ಐದು ಪದ ಬರೆದು ನೋಡಿ. "ಕನ್ನಡ ಇದೆ" ಎಂದು ಬಾಯಲ್ಲಿ ಹೇಳಿದರೆ ಸಾಲದು. ಕೆಲವರು ಕನ್ನಡದ ಧ್ವನಿ ಇರುವುದನ್ನೇ ಕನ್ನಡ ಬ್ರೈಲ್ ಇದೆ ಎಂದು ಹೇಳಿಬಿಡುತ್ತಾರೆ. ರಿಪೇರಿ ಎಲ್ಲಿ, ಸೆಲ್ ಕೆಟ್ಟರೆ ಒಂದನ್ನೇ ಬದಲಿಸಬಹುದೇ ಎಂದು ಕೇಳಿ. ಟಿಪ್ಪಣಿ ಮತ್ತು ಓದು ಎರಡೇ ನಿಮ್ಮ ಅಗತ್ಯವಾದರೆ, ಫೋನ್ ಹೇಗೂ ಕೈಯಲ್ಲಿದ್ದರೆ, 20 ಸೆಲ್‌ನ ಸರಳ ಯಂತ್ರವೇ ಸಾಕು ಎಂಬುದು ನನ್ನ ಅಭಿಪ್ರಾಯ. ನಾನು ದಿನವೂ ಬಳಸುವುದು ಅಂಥದ್ದನ್ನೇ.

ಸಹಾಯಧನಕ್ಕೆ, ಅಂಗವಿಕಲರಿಗೆ ಉಪಕರಣ ಕೊಡಿಸುವ ಕೇಂದ್ರದ ಅಡಿಪ್ ಯೋಜನೆ ಇದೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಇಲ್ಲದವರು ಮೊದಲು ಅದನ್ನು ಮಾಡಿಸಿ, ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಜಿಲ್ಲಾ ಸಾಮಾಜಿಕ ನ್ಯಾಯ ಕಚೇರಿಯಲ್ಲಿ ವಿಚಾರಿಸಿ. ಪಂಚಾಯತ್‌ನ ಗ್ರಾಮಸಭೆಯಲ್ಲೂ ಎದ್ದು ನಿಂತು ಕೇಳಿ. ಗಾಲಿಕುರ್ಚಿ, ಶ್ರವಣಯಂತ್ರ ಎಲ್ಲರಿಗೂ ಗೊತ್ತು. ಬ್ರೈಲ್ ಯಂತ್ರ ಎಂಬುದೊಂದಿದೆ ಎಂದು ಅಲ್ಲಿರುವವರಿಗೆ ತಿಳಿಯುವುದೇ ಯಾರಾದರೂ ಕೇಳಿದಾಗ.

ಆರೈಕೆ ಸುಲಭ, ಆದರೆ ತಪ್ಪಿಸಬಾರದು. ಓದುವ ಮುಂಚೆ ಕೈ ತೊಳೆದು ಒರೆಸಿಕೊಳ್ಳಿ. ತೆಂಗಿನೆಣ್ಣೆಯ ಪಸೆ ಮತ್ತು ಬೆವರು ಸೇರಿ ಕಡ್ಡಿಯ ತೂತಿನಲ್ಲಿ ಕೂತರೆ ಚುಕ್ಕಿ ಅರ್ಧಕ್ಕೇ ನಿಲ್ಲುತ್ತದೆ. ಆಗ 'ಸ' ಇದ್ದದ್ದು ಬೇರೇನೋ ಆಗಿ ಓದಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಗಾಳಿಯಾಡದ ಚೀಲದಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಇಡಿ. ಒದ್ದೆ ಬಟ್ಟೆಯಿಂದ ಡಿಸ್‌ಪ್ಲೇ ಒರೆಸಲೇಬೇಡಿ. ತುಲಾ ಮಳೆಯ ಮಧ್ಯಾಹ್ನಗಳಲ್ಲಿ ಸಿಡಿಲು ಶುರುವಾಗುವ ಮುಂಚೆಯೇ ಚಾರ್ಜರ್ ಕಿತ್ತಿಡಿ. ಕರೆಂಟ್ ಹೋಗುವ ಊರಿನಲ್ಲಿ ಬ್ಯಾಟರಿ ಅರ್ಧಕ್ಕೆ ಇಳಿದಾಗಲೇ ಚಾರ್ಜ್ ಮಾಡುವುದು ಜಾಣತನ.

ವಾರಕ್ಕೊಮ್ಮೆ ಫೈಲುಗಳನ್ನೆಲ್ಲ ಮೆಮೊರಿ ಕಾರ್ಡಿಗೋ ಮನೆಯ ಕಂಪ್ಯೂಟರಿಗೋ ನಕಲು ಮಾಡಿಡಿ. ಮನೆಯ ಮಕ್ಕಳಿಗೆ ಈ ಕೆಲಸ ಕೊಟ್ಟರೂ ಆಯ್ತು. ಫೋಲ್ಡರಿನ ಹೆಸರು ಮಾತ್ರ ನೀವೇ ಬರೆದು ಕೊಡಿ, ಆಗ ಮುಂದಿನ ಸಲ ಯಾರನ್ನೂ ಕೇಳದೆ ಹುಡುಕಿಕೊಳ್ಳಬಹುದು.